ಒಂದು ವಾರದ ಅತಿಥಿಗಳು

ಕಡೂರಿನಿಂದ ಮರಳುಗಾಡಿನ ದೇಶಗಳಿಗೆ ಹೋಗುವುದು ಹೊಸ ಸಂಗತಿಯೇನಲ್ಲ. ಬೀರೂರು, ತರೀಕೆರೆ, ಅಜ್ಜಂಪುರ ಸೇರಿದಂತೆ ನಮ್ಮ ಈ ಭಾಗದ ಮೊಹಲ್ಲಾಗಳಲ್ಲಿ ವಿಚಾರಿಸಿದರೆ ಸೌದಿಯಲ್ಲೋ ದುಬೈಯಲ್ಲೋ ಮಸ್ಕತ್‌ನಲ್ಲೋ ಒಬ್ಬ ಮಗ, ಒಬ್ಬ ಅಳಿಯ ಇರುವ ಮನೆಗಳನ್ನು ಹುಡುಕಬೇಕಾಗಿಲ್ಲ. ಡ್ರೈವರ್, ಎಲೆಕ್ಟ್ರಿಷಿಯನ್, ಗಾರೆ ಕೆಲಸದವ, ಅಂಗಡಿಯ ಸೇಲ್ಸ್‌ಮನ್ ಆಗಿ ಹೋದವರು ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳಿದ್ದು ಮರಳುತ್ತಾರೆ. ಇನ್ನು ಹಜ್, ಉಮ್ರಾಕ್ಕೆ ಹೋಗುವ ಹಿರಿಯರಿದ್ದಾರೆ. ದುಡಿಯಲು ಹೋಗುವುದು, ಇಬಾದತ್‌ಗೆ ಹೋಗುವುದು ಈ ಎರಡೂ ನಮಗೆ ಗೊತ್ತಿರುವ ದಾರಿಗಳು. ಮಕ್ಕಳನ್ನು ಕರೆದುಕೊಂಡು ಒಂದು ವಾರ ನೋಡಿ ಬರಲೆಂದೇ ಹೋಗುವುದು ಮಾತ್ರ ನಮ್ಮಂಥ ಮನೆಗಳಿಗೆ ಇತ್ತೀಚಿನದು.

ಮುಂದಿನ ಜನವರಿಯಲ್ಲಿ ನಾವು ಅಂಥದ್ದೊಂದು ಪ್ರಯಾಣಕ್ಕೆ ತಯಾರಿ ನಡೆಸುತ್ತಿದ್ದೇವೆ. ಒಮಾನ್ ದೇಶಕ್ಕೆ, ಏಳು ದಿನ. ನಾವಿಬ್ಬರು, ಎಂಟನೇ ತರಗತಿಯ ಮಗಳು, ಮೂರನೇ ತರಗತಿಯ ಮಗ ಮತ್ತು ನಮ್ಮ ತಾಯಿ. ನಮ್ಮ ತಮ್ಮ ಅಲ್ಲಿನ ನಿಜ್ವಾ ಎಂಬ ಊರಿನಲ್ಲಿ ಎಂಟು ವರ್ಷಗಳಿಂದ ಪಂಪು, ಪೈಪುಗಳ ಕೆಲಸ ಮಾಡುತ್ತಿದ್ದಾನೆ. ಟಿಕೆಟ್ಟು, ವೀಸಾ, ಹೋಟೆಲ್ಲುಗಳ ಲೆಕ್ಕ ಹಾಕಲು ಕೂತವರಿಗೆ ಎರಡೇ ಸಂಜೆಗಳಲ್ಲಿ ಅರ್ಥವಾದದ್ದೇನೆಂದರೆ, ಹಣದ ಲೆಕ್ಕ ಸುಲಭದ್ದು. ಅದರ ಹಿಂದೆ ಇನ್ನೊಂದು ಲೆಕ್ಕವಿದೆ, ಅದು ಅಷ್ಟು ಸುಲಭವಾಗಿ ಕೂಡುವುದಿಲ್ಲ ಎಂದು. ಆ ಎರಡನೆಯ ಲೆಕ್ಕವನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ನಮ್ಮ ಮನೆಯದು ಎನ್ನುವುದಕ್ಕಿಂತ, ಇಂದು ಅನೇಕ ಮನೆಗಳಲ್ಲಿ ಬಾಯಿಬಿಟ್ಟು ಹೇಳದೆ ಉಳಿದಿರುವ ಪ್ರಶ್ನೆ ಇದು ಎಂದು ನಾವು ತಿಳಿದಿದ್ದೇವೆ.

ಮೊದಲು ಹಣದ ವಿಷಯವನ್ನೇ ಮುಗಿಸಿಬಿಡೋಣ. ಐದು ಜನರ ವಿಮಾನದ ಟಿಕೆಟ್ಟು, ವೀಸಾ, ಆರು ರಾತ್ರಿಯ ವಾಸ್ತವ್ಯ, ಓಡಾಟಕ್ಕೆ ಬಾಡಿಗೆ ಕಾರು, ಊಟ ಎಲ್ಲ ಸೇರಿ ನಮ್ಮ ಲೆಕ್ಕದಲ್ಲಿ ಎರಡೂ ಮುಕ್ಕಾಲು ಲಕ್ಷ ರೂಪಾಯಿ ಆಗುತ್ತದೆ. ತಮ್ಮನ ಸಂಬಳ ತಿಂಗಳಿಗೆ 140 ರಿಯಾಲ್. ಒಂದು ರಿಯಾಲ್‌ಗೆ ಇನ್ನೂರು ರೂಪಾಯಿಗೂ ಮೇಲೆ ಬೆಲೆಯಿರುವುದರಿಂದ ಅದು ನಮ್ಮ ಹಣದಲ್ಲಿ ಮೂವತ್ತು ಸಾವಿರಕ್ಕೆ ತುಸು ಹೆಚ್ಚು. ಒಮಾನಿ ನಾಗರಿಕರಿಗೆ 2013ರಿಂದ 325 ರಿಯಾಲ್ ಕನಿಷ್ಠ ವೇತನವೆಂದು ಅಲ್ಲಿನ ಸರ್ಕಾರ ಗೊತ್ತುಮಾಡಿದೆ; ಹೊರಗಿನಿಂದ ಬಂದು ದುಡಿಯುವವರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅಂದರೆ ನಾವು ಒಂದು ವಾರದಲ್ಲಿ ಖರ್ಚು ಮಾಡಿ ಬರುವುದು, ಅವನು ಅದೇ ನೆಲದ ಮೇಲೆ ಎಂಟೊಂಬತ್ತು ತಿಂಗಳು ದುಡಿಯುವ ಹಣ. ಈ ಅಂಕಿಯನ್ನು ಬರೆದ ಹಾಳೆಯನ್ನು ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂಬಲ್ಲಿಂದಲೇ ನಮ್ಮ ಚರ್ಚೆ ಶುರುವಾಯಿತು.

ತಮ್ಮ ಅಲ್ಲಿಗೆ ಹೋದ ಕಾರಣವನ್ನೂ ಹೇಳಬೇಕು. ಕಡೂರು ಹೆಸರಿಗೆ ಮಲೆನಾಡಿನ ಜಿಲ್ಲೆಗೆ ಸೇರಿದ್ದು. ಆದರೆ ಇದೇ ಜಿಲ್ಲೆಯ ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ದಾಟಿ ಮಳೆ ಬಿದ್ದರೆ, ಬಾಬಾಬುಡನ್ ಗಿರಿಯ ಮೂಡಲ ಮಗ್ಗುಲಿನ ನಮಗೆ ಸಿಗುವುದು ಸುಮಾರು ಆರುನೂರು. ಗಿರಿಯ ಮೇಲೆ ಮಳೆಯಾದರೆ ಮದಗದಕೆರೆಗೂ ಅಯ್ಯನಕೆರೆಗೂ ನೀರು ಬಂದೀತು ಎಂದು ಪಡುವಣದ ಮೋಡವನ್ನು ನೋಡುತ್ತ ಕೂರುವ ಬಯಲು ನಮ್ಮದು. ನಮ್ಮ ತಂದೆಗೆ ಎರಡೆಕರೆ ತೆಂಗಿನ ತೋಟವಿತ್ತು. 2016, 2017ರ ಬರದಲ್ಲಿ ಕಡೂರು, ಅರಸೀಕೆರೆ, ತಿಪಟೂರು ಸೀಮೆಯ ತೋಟಗಳ ಸುಳಿ ಒಣಗಿದ್ದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರು ಬೋರ್‌ವೆಲ್ ಕೊರೆಸಿದೆವು. ಮೂರನೆಯದು ಸಾವಿರ ಅಡಿ ದಾಟಿದರೂ ಬರೀ ಧೂಳು. ಸಾಲ ಉಳಿಯಿತು, ಮರಗಳು ಉಳಿಯಲಿಲ್ಲ. ನೀರಿಲ್ಲದ ಊರಿನ ಹುಡುಗ ನೀರೇ ಇಲ್ಲದ ದೇಶಕ್ಕೆ ಪೈಪು ಜೋಡಿಸಲು ಹೋದ. ಆಗ ಅವನಿಗೆ ಇಪ್ಪತ್ತಾರು ವರ್ಷ. ಬೋರ್‌ವೆಲ್ ಸಾಲ ತೀರಿದ್ದು, ತಂಗಿಯ ನಿಕಾಹ್ ಆದದ್ದು, ಮನೆಗೆ ಆರ್‌ಸಿಸಿ ಬಿದ್ದದ್ದು ಎಲ್ಲವೂ ಆ 140 ರಿಯಾಲ್‌ನಲ್ಲೇ. ಅವನ ಮದುವೆ ಮಾತ್ರ ಮುಂದೆ ಮುಂದೆ ಹೋಗುತ್ತಿದೆ.

ಇಂಥ ಮನೆಯವರು ಆ ದೇಶಕ್ಕೆ ಪ್ರವಾಸಿಗಳಾಗಿ ಹೋಗಬಹುದೇ? ಹೋಗುವುದಾದರೆ ಹೇಗೆ ಹೋಗಬೇಕು?

ಸುದ್ದಿ ತಿಳಿದ ಹಲವರು ಮೊದಲು ಕೇಳಿದ್ದು, ಇಷ್ಟು ಖರ್ಚು ಮಾಡುವವರು ಉಮ್ರಾಕ್ಕೇ ಹೋಗಬಹುದಿತ್ತಲ್ಲ ಎಂದು. ನೆರೆಮನೆಯ ಅಜ್ಜಿಯೊಬ್ಬರು ತಮ್ಮ ಭಾಷೆಯಲ್ಲಿ ಇದನ್ನೇ, 'ಮೊದ್ಲು ದೇವ್ರು, ಆಮೇಲೆ ಊರು ನೋಡಾದು' ಎಂದರು. ಕೇಳಿದವರ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಉಮ್ರಾದ ನಿಯ್ಯತ್ ಬೇರೆ, ಇದು ಬೇರೆ. ಸುತ್ತಾಟಕ್ಕೆ ಇಬಾದತ್‌ನ ಹೆಸರು ಕೊಟ್ಟು ಹೋಗಿಬರುವವರನ್ನೂ ನಾವು ಕಂಡಿದ್ದೇವೆ. ಹಾಗೆ ಹೋಗುವುದಕ್ಕಿಂತ ಸುತ್ತಾಟವನ್ನು ಸುತ್ತಾಟವೆಂದೇ ಕರೆದು ಹೋಗುವುದು ಪ್ರಾಮಾಣಿಕ. ಅಲ್ಲದೆ ಎಂಟು ವರ್ಷಗಳಲ್ಲಿ ತಮ್ಮ ನಾಲ್ಕು ಸಲ ನಮ್ಮನ್ನು ನೋಡಲು ಬಂದಿದ್ದಾನೆ. ಅವನನ್ನು ನೋಡಲು ನಾವು ಒಂದು ಸಲವೂ ಹೋಗಿಲ್ಲ. ರಕ್ತಸಂಬಂಧವನ್ನು ಜೋಡಿಸಿಕೊಂಡಿರುವುದಕ್ಕೆ ನಮ್ಮ ದೀನ್‌ನಲ್ಲಿ ಎಷ್ಟು ಬೆಲೆಯಿದೆ ಎಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಫೋನಿನ ಪರದೆಯ ಮೇಲೆ ಮುಖ ಕಂಡ ಮಾತ್ರಕ್ಕೆ ಆ ಹಕ್ಕು ಸಲ್ಲಿಸಿದಂತಾಗುತ್ತದೆಯೇ?

ಎರಡನೆಯ ಪ್ರಶ್ನೆ ಸಣ್ಣದು. ಆದರೆ ನಮ್ಮನ್ನು ಸಾಕಷ್ಟು ಕಾಡಿತು. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ದಸರಾಕ್ಕೆ ಮತ್ತು ಬೇಸಿಗೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಒಮಾನ್‌ನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಕ್ಟೋಬರಿನಲ್ಲೂ ಸೆಕೆ ಇಳಿದಿರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಡುಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿ ನಿಯಮವೇ ಇದೆ. ಮಕ್ಕಳನ್ನೂ ಎಪ್ಪತ್ತು ಸಮೀಪಿಸಿದ ತಾಯಿಯನ್ನೂ ಕರೆದೊಯ್ಯಲು ತಕ್ಕ ಕಾಲವೆಂದರೆ ನವೆಂಬರಿನಿಂದ ಫೆಬ್ರವರಿ. ಜನವರಿಯಲ್ಲಿ ಹೋದರೆ ರಮ್ಜಾನ್‌ಗೆ ಮುನ್ನ ಮನೆ ಸೇರಬಹುದು. ಆದರೆ ಆಗ ಶಾಲೆಯಿದೆ. ಪರಿಚಿತರೊಬ್ಬರು ಸಲೀಸಾಗಿ, 'ಜ್ವರ ಅಂತ ಚೀಟಿ ಬರೆದುಕೊಡಿ, ಮುಗೀತು' ಎಂದರು. ಎಲ್ಲರೂ ಮಾಡುವುದು ಅದನ್ನೇ. ಆದರೆ ಆ ಚೀಟಿಯನ್ನು ಶಾಲೆಗೆ ಒಯ್ದು ಕೊಡುವವರು ಮಕ್ಕಳು. ಮರಳಿ ಬಂದ ಮೇಲೆ 'ಜ್ವರ ವಾಸಿಯಾಯಿತೇ' ಎಂದು ಟೀಚರ್ ಕೇಳಿದರೆ ಹೌದೆನ್ನಬೇಕಾದವರೂ ಅವರೇ. ಒಂದು ದೇಶವನ್ನು ತೋರಿಸುವ ಸಂಭ್ರಮದಲ್ಲಿ ಕಂಡದ್ದನ್ನೆಲ್ಲ ಗೆಳೆಯರಿಂದ ಮುಚ್ಚಿಡಲು ಕಲಿಸಿದರೆ ಅವರು ಕಂಡು ಬಂದದ್ದಾದರೂ ಏನು? ಇದ್ದದ್ದನ್ನು ಇದ್ದಂತೆ ಬರೆದು, ಐದು ದಿನಗಳ ರಜೆ ಕೇಳಿ, ತಪ್ಪಿದ ಪಾಠವನ್ನು ಮನೆಯಲ್ಲಿ ಓದಿಸುತ್ತೇವೆಂದು ಅರ್ಜಿ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. (ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗಾಗಿ ಮಗನ ವಯಸ್ಸನ್ನು ಒಂದು ವರ್ಷ ಇಳಿಸುವ ನಮ್ಮವರ ಅಭ್ಯಾಸಕ್ಕೆ ವಿಮಾನದಲ್ಲಿ ಅವಕಾಶವಿಲ್ಲ, ಪ್ರತಿ ಮಗುವಿಗೂ ಅದರದೇ ಪಾಸ್‌ಪೋರ್ಟ್ ಬೇಕು.)

ಇನ್ನು ಎಲ್ಲಿಗೆ, ಏನು ನೋಡಲು ಎಂಬ ಮಾತು. ಮಗ ಮೊದಲು ಕೇಳಿದ್ದು ದುಬೈಯನ್ನು. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಅಂಕಿ ಅಂಶಗಳೆಲ್ಲ ಅವನಿಗೆ ಬಾಯಿಪಾಠ. ಚಾಚಾ ಇರುವುದು ದುಬೈಯಲ್ಲಲ್ಲ ಎಂಬುದು ಅವನಿಗೆ ನಿರಾಸೆ ತಂದಿತು. ಒಮಾನ್‌ನಲ್ಲಿ ಏನಿದೆ ಎಂದು ಅವನು ಕೇಳಿದಾಗ ಉತ್ತರ ಕೊಟ್ಟವನು ತಮ್ಮನೇ. ಫೋನಿನಲ್ಲಿ ಅವನು ಒಂಟೆಯ ಬಗ್ಗೆ ಹೇಳಲಿಲ್ಲ, ಮರಳಿನ ದಿಬ್ಬಗಳ ಬಗ್ಗೆಯೂ ಹೇಳಲಿಲ್ಲ. 'ಇಲ್ಲಿ ಫಲಜ್ ಅಂತ ಒಂದು ಕಾಲುವೆ ಇದೆ, ನಮ್ಮ ಮನೆ ಮುಂದಿನ ಚರಂಡಿಯಷ್ಟೇ ಅಗಲ, ಆದ್ರೆ ಕನ್ನಡಿ ಹಂಗೆ ನೀರು' ಎಂದ.

ಆ ಮೇಲೆ ನಾವು ಫಲಜ್ ಬಗ್ಗೆ ಓದಿಕೊಂಡೆವು. ಮಸ್ಕತ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ನೂರು ಮಿಲಿಮೀಟರು, ಎಂದರೆ ನಮ್ಮ ಬರಪೀಡಿತ ಕಡೂರಿನ ಆರನೆಯ ಒಂದು ಪಾಲು. ಇಂದು ಆ ನಗರದ ಕುಡಿಯುವ ನೀರು ಬಹುತೇಕ ಸಮುದ್ರದ ಉಪ್ಪು ತೆಗೆದದ್ದು. ಆದರೆ ಒಳನಾಡಿನ ಊರುಗಳು ಶತಮಾನಗಳಿಂದ ಬದುಕಿದ್ದು ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಸುರಂಗದ ಮೂಲಕ, ಯಾವ ಯಂತ್ರವೂ ಇಲ್ಲದೆ, ಬರೀ ಇಳಿಜಾರಿನ ಬಲದಿಂದ ಊರಿಗೆ ಹರಿಸಿಕೊಂಡು. ಇಂಥ ಮೂರು ಸಾವಿರದಷ್ಟು ಫಲಜ್‌ಗಳು ಇಂದಿಗೂ ಹರಿಯುತ್ತಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾದ ಫಲಜ್ ದಾರಿಸ್ ಅದರಲ್ಲೊಂದು. ಸುಲೈಮಾನ್ ಪೈಗಂಬರರ ಜಿನ್ನ್‌ಗಳು ಅವನ್ನು ತೋಡಿದವೆಂದು ಅಲ್ಲಿನ ಜನಪದ ಕತೆ. ತೋಡಿದ್ದು ಮನುಷ್ಯರೇ, ಮಂಡಿಯೂರಿ, ಕತ್ತಲಲ್ಲಿ.

ನಮ್ಮನ್ನು ಸೆಳೆದದ್ದು ಸುರಂಗವಲ್ಲ, ಹಂಚಿಕೆಯ ಕ್ರಮ. ನೀರು ನೆಲದಿಂದ ಹೊರಗೆ ಬಂದು ಬಯಲಿಗೆ ಮುಖ ತೋರಿಸುವ ಮೊದಲ ಜಾಗ ಕುಡಿಯುವುದಕ್ಕೆ. ಊರಿನವನಿರಲಿ, ದಾರಿಹೋಕನಿರಲಿ, ಅಲ್ಲಿ ಯಾರು ಬೇಕಾದರೂ ತುಂಬಿಕೊಳ್ಳಬಹುದು; ಅದು ಯಾರ ಪಾಲೂ ಅಲ್ಲ. ಅದಾದ ಮೇಲೆ ಮಸೀದಿ, ಸ್ನಾನ, ಬಟ್ಟೆ ಒಗೆಯುವ ಕಟ್ಟೆಗಳು. ಕಡೆಗೆ ತೋಟಗಳು. ತೋಟದ ಪಾಲನ್ನು ಅಳೆಯುವುದು ನೀರಿನ ಪ್ರಮಾಣದಿಂದಲ್ಲ, ಹೊತ್ತಿನಿಂದ. ಅಸರ್ ಎಂದರೆ ಹೆಚ್ಚುಕಡಿಮೆ ಅರ್ಧ ಗಂಟೆಯ ನೀರು. ಗಡಿಯಾರವಿಲ್ಲದ ಕಾಲದಲ್ಲಿ ಹಗಲು ಕಂಬದ ನೆರಳನ್ನೂ ರಾತ್ರಿ ನಕ್ಷತ್ರಗಳನ್ನೂ ನೋಡಿ ಸರದಿ ಬದಲಿಸುತ್ತಿದ್ದರು. ಇದನ್ನು ಓದುವಾಗ ನಮ್ಮ ತಾಯಿ, 'ಇದು ನಮ್ಮ ನೀರುಗಂಟಿ ಕೆಲಸ ಅಲ್ವಾ' ಎಂದರು. ಹೌದು, ಕೆರೆಯ ತೂಬೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಗೊತ್ತುಮಾಡುತ್ತಿದ್ದ ನೀರುಗಂಟಿ ನಮ್ಮಲ್ಲೂ ಇದ್ದ. ಬೋರ್‌ವೆಲ್ ಬಂದ ಮೇಲೆ ಅವನು ಯಾರಿಗೂ ಬೇಡವಾದ. ಬೋರ್‌ವೆಲ್‌ಗೆ ಸರದಿಯೆಂಬುದಿಲ್ಲ, ನೆರೆಯವನಿಗಿಂತ ಇನ್ನೂರು ಅಡಿ ಆಳಕ್ಕೆ ಹೋದವನಿಗೆ ನೀರು, ಉಳಿದವನಿಗೆ ಸಾಲ. ನಮ್ಮ ಮೂರನೆಯ ಬೋರ್‌ವೆಲ್ ಕೊರೆಯುವಾಗ, ನೀರು ಸಿಕ್ಕಿದ್ದರೆ ಅದು ಪಕ್ಕದ ತೋಟದ್ದೇ ಆಗಿರುತ್ತಿತ್ತು ಎಂಬ ಯೋಚನೆ ಯಾರಿಗೂ ಬಂದಿರಲಿಲ್ಲ. ಟ್ಯಾಂಕರ್ ನೀರು ಕುಡಿದು ಬೆಳೆದ ಮಕ್ಕಳಿಗೆ ತೋರಿಸಬೇಕಾದ್ದು ಯಾವುದಾದರೂ ಇದ್ದರೆ ಅದು ಈ ಫಲಜ್ ಎಂದು ನಮಗೆ ಖಚಿತವಾದದ್ದು ಹೀಗೆ.

ಮಗನ ಮರಳು ದಿಬ್ಬವನ್ನೂ ನಾವು ಕೈಬಿಟ್ಟಿಲ್ಲ. ಒಂದು ರಾತ್ರಿ ಮರುಭೂಮಿಯ ಬಿಡಾರದಲ್ಲಿ ಕಳೆಯುವುದೆಂದು ಬರೆದುಕೊಂಡಿದ್ದೇವೆ. ನಿಜ್ವಾದ ಕೋಟೆ, ಅಲ್ಲಿನ ಶುಕ್ರವಾರದ ಆಡು-ದನಗಳ ಸಂತೆ, ಮಸ್ಕತ್‌ನಲ್ಲಿ 2001ರಲ್ಲಿ ತೆರೆದ ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿ, ಸಮುದ್ರದ ದಂಡೆ ಇವೂ ಪಟ್ಟಿಯಲ್ಲಿವೆ. ವಾದಿ ಎಂದು ಕರೆಯುವ ಒಣ ಹೊಳೆಗಳಿಗೆ ಇಳಿಯುವ ಮುನ್ನ ಹವಾಮಾನ ಕೇಳಲೇಬೇಕೆಂದು ತಮ್ಮನ ತಾಕೀತು. 2024ರ ಏಪ್ರಿಲಿನಲ್ಲಿ ಸುರಿದ ಮಳೆಗೆ ಅಂಥ ಹೊಳೆಯೊಂದು ಶಾಲಾಮಕ್ಕಳಿದ್ದ ವಾಹನವನ್ನೇ ಎಳೆದೊಯ್ದು ಹಲವು ಮಕ್ಕಳು ಸತ್ತಿದ್ದರು. ಮರಳುಗಾಡಿನಲ್ಲಿ ಬಾಯಾರಿಕೆಗೆ ಹೆದರುವ ನಮಗೆ ನೀರಿಗೆ ಹೆದರಬೇಕೆಂದು ಹೊಳೆದಿರಲಿಲ್ಲ. 2025ರ ಜೂನ್‌ನಲ್ಲಿ ಯುದ್ಧದ ಕಾರಣಕ್ಕೆ ಕೊಲ್ಲಿಯ ಹಲವು ದೇಶಗಳ ಆಕಾಶವೇ ಕೆಲವು ಗಂಟೆ ಮುಚ್ಚಿತ್ತು. ಆದ್ದರಿಂದ ಹೊರಡುವ ದಿನದವರೆಗೂ ಸುದ್ದಿ ನೋಡುತ್ತಿರಬೇಕು.

ಆ ಸೀಮೆಯೊಂದಿಗೆ ನಮ್ಮ ನಂಟು ಸಂಬಳದಿಂದ ಶುರುವಾದದ್ದಲ್ಲ ಎಂಬುದನ್ನೂ ಮಕ್ಕಳಿಗೆ ಹೇಳುತ್ತಿದ್ದೇವೆ. ವಿಜಯನಗರದ ಕುದುರೆಗಳು ಕೊಲ್ಲಿಯ ಕಡೆಯಿಂದ ಹಡಗೇರಿ ಭಟ್ಕಳ, ಹೊನ್ನಾವರಗಳಲ್ಲಿ ಇಳಿಯುತ್ತಿದ್ದವು. ಟಿಪ್ಪು ಸುಲ್ತಾನರು ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯನ್ನು ನಡೆಸಿದ್ದರು; ಇಲ್ಲಿನ ಅಕ್ಕಿ, ಮೆಣಸು, ಗಂಧ ಅಲ್ಲಿಗೆ ಹೋಗುತ್ತಿತ್ತು. ನಮ್ಮ ಮಾಳಿಗೆಯಿಂದ ಕಾಣುವ ಗಿರಿಗೆ ಕಾಫಿ ಬೀಜ ಬಂದದ್ದು ಯೆಮೆನ್‌ನಿಂದ ಎಂಬುದು ಇಲ್ಲಿನ ಪ್ರತೀತಿ. ಇಷ್ಟೆಲ್ಲ ಹೇಳಿದರೂ ಮಕ್ಕಳ ಮನಸ್ಸಿನಲ್ಲಿ ಗಲ್ಫ್ ಎಂದರೆ ಚಾಚಾ ತರುವ ಚಾಕೊಲೇಟಿನ ಡಬ್ಬಿ, ಅತ್ತರು, ಬಣ್ಣದ ಕಂಬಳಿ. ಅದಕ್ಕೆ ಅವರನ್ನು ದೂರುವಂತಿಲ್ಲ. ಎಂಟು ವರ್ಷಗಳಿಂದ ಆ ಚಿತ್ರವನ್ನು ಜೋಪಾನವಾಗಿ ಕಟ್ಟಿದವನು ತಮ್ಮನೇ, ನಂಬಿದವರು ನಾವೆಲ್ಲರೂ.

ಇಲ್ಲಿ ನಾವು ಮುಖ್ಯ ಪ್ರಶ್ನೆಗೆ ಬರುತ್ತೇವೆ. ತಮ್ಮ ಕಳಿಸುವ ಫೋಟೊಗಳಲ್ಲಿ ಅವನು ಯಾವಾಗಲೂ ಹೊರಗೇ ಇರುತ್ತಾನೆ. ಬಿಳಿಯ ಮಸೀದಿಯ ಮುಂದೆ, ಯಾರದೋ ದೊಡ್ಡ ಕಾರಿನ ಪಕ್ಕ, ಖರ್ಜೂರದ ತೋಟದಲ್ಲಿ. ಕೋಣೆಯೊಳಗಿನ ಫೋಟೊ ಒಂದೂ ಇಲ್ಲ. ವಿಡಿಯೊ ಕರೆ ಮಾಡಿದರೆ ಹಿಂದೆ ಒಂದು ಗೋಡೆ ಅಥವಾ ನೇತುಹಾಕಿದ ಚಾದರ. ಎಷ್ಟು ಜನ ಇದ್ದೀರಿ ಎಂದರೆ 'ನಾಲ್ಕು ಜನ, ಎಸಿ ಇದೆ, ಏನೂ ತೊಂದ್ರೆ ಇಲ್ಲ' ಎಂಬ ಒಂದೇ ಉತ್ತರ. ನಾವು ಬರುವ ಸುದ್ದಿ ಕೇಳಿ ಅವನು ಅತ್ತೇಬಿಟ್ಟ. ಮರುದಿನ ಫೋನು ಮಾಡಿ ತಣ್ಣಗೆ ಹೇಳಿದ: 'ಭಾಯಿ, ನೀವು ಹೋಟೆಲಲ್ಲೇ ಇರಿ. ನಾನೇ ಅಲ್ಲಿಗೆ ಬರ್ತೀನಿ. ರೂಮಿನ ಕಡೆ ಬರೋದು ಬೇಡ.'

ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರಿಗೆ ಕೋಟೆಯೂ ಬೇಡ, ಸಮುದ್ರವೂ ಬೇಡ. ಮಗ ಮಲಗುವ ಹಾಸಿಗೆಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಬೇಕು, ಅಷ್ಟೇ. 'ನನ್ ಮಗ ಎಲ್ಲಿ ಮಲಗ್ತಾನೆ ಅಂತ ನೋಡೋಕೆ ನನಗೆ ಯಾರ ಅಪ್ಪಣೆ ಬೇಕು?' ಎಂದು ಕೇಳಿದರು. ಮಗಳ ಪ್ರಶ್ನೆ ಇನ್ನೂ ನೇರ: 'ಅಬ್ಬಾ, ರೂಮು ಚೆನ್ನಾಗಿದ್ದಿದ್ರೆ ಚಾಚಾ ಯಾಕೆ ಬೇಡ ಅಂತಿದ್ರು?' ಹದಿಮೂರು ವರ್ಷದವಳಿಗೆ ಹೊಳೆದದ್ದನ್ನು ಹೊಳೆಯಿತೆಂದು ಬಾಯಿಬಿಟ್ಟು ಹೇಳಲು ನಮಗೆ ಎಂಟು ವರ್ಷ ಬೇಕಾಯಿತು.

ಎರಡೂ ಕಡೆ ನ್ಯಾಯವಿದೆ. ಸತ್ಯ ತಿಳಿಯಬೇಕು ಎನ್ನುವವರ ಮಾತು ಸುಳ್ಳಲ್ಲ. ನಮ್ಮ ಮಕ್ಕಳು ಉಡುವ ಬಟ್ಟೆ, ತಲೆಯ ಮೇಲಿನ ಸೂರು ಯಾರ ಬೆವರಿನದು ಎಂದು ತಿಳಿಯದೆ ಬೆಳೆದರೆ ಅದು ಅವರಿಗೂ ಅನ್ಯಾಯ, ಬೆವರಿದವನಿಗೂ ಅನ್ಯಾಯ. ಹಣ ಬರುವ ದಾರಿಯ ಕಷ್ಟ ಕಾಣದ ಮನೆಯಲ್ಲಿ ಖರ್ಚಿಗೆ ಕೈ ತಡೆಯುವುದಿಲ್ಲ. ತಮ್ಮನ ಹಣದಲ್ಲಿ ಮದುವೆಗೆ ಎರಡು ಬಗೆ ಬಿರಿಯಾನಿ ಮಾಡಿಸಿದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಗಲ್ಫಿನಲ್ಲಿರುವವನು ಸುಖವಾಗಿದ್ದಾನೆ ಎಂಬ ನಂಬಿಕೆ ಊರಿನವರಿಗೆ ಅನುಕೂಲದ ನಂಬಿಕೆ. ಅದರ ನೆರಳಿನಲ್ಲಿ ಎಷ್ಟು ಬೇಕಾದರೂ ಕೇಳಬಹುದು.

ಆದರೆ ಕಷ್ಟವನ್ನು ಮುಚ್ಚಿಡುವವನ ಮಾತೂ ಇದೆ. ತನ್ನ ಬದುಕಿನಲ್ಲಿ ಯಾವುದನ್ನು ಯಾರಿಗೆ ತೋರಿಸಬೇಕೆಂದು ಗೊತ್ತುಮಾಡುವ ಹಕ್ಕು ಅವನಿಗಿಲ್ಲವೇ? ಕೆಲಸದ ಹೊತ್ತು, ಊಟದ ಹೊತ್ತು, ರಜೆಯ ದಿನ ಎಲ್ಲವನ್ನೂ ಇನ್ನೊಬ್ಬರು ನಿರ್ಧರಿಸುವ ಬದುಕಿನಲ್ಲಿ ಅವನ ಕೈಯಲ್ಲಿ ಉಳಿದಿರುವುದು ಇದೊಂದೇ. ನಮ್ಮ ನಮ್ಮ ಪಾಸ್‌ಪೋರ್ಟ್‌ಗಳನ್ನು ನೋಡಿದರೂ ವ್ಯತ್ಯಾಸ ಕಾಣುತ್ತದೆ. ತಮ್ಮ ಹತ್ತನೇ ತರಗತಿ ಪಾಸಾಗಲಿಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ಅಂಥವರ ಪಾಸ್‌ಪೋರ್ಟ್‌ಗೆ ಇಸಿಆರ್ ಮುದ್ರೆ ಬೀಳುತ್ತದೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಮುನ್ನ ಸರ್ಕಾರದ ಅನುಮತಿ ಬೇಕಾಗುತ್ತದೆ. ಅವರ ರಕ್ಷಣೆಗೆಂದೇ ಮಾಡಿದ ನಿಯಮ, ನಿಜ. ಆದರೂ ಅದೇ ವಿಮಾನ ನಿಲ್ದಾಣದಲ್ಲಿ ಅಣ್ಣನನ್ನು ಒಂದು ಬಗೆಯಲ್ಲಿ, ತಮ್ಮನನ್ನು ಇನ್ನೊಂದು ಬಗೆಯಲ್ಲಿ ನೋಡುತ್ತಾರೆ. ನಾವು ಕಾಲೇಜು ಓದುವಾಗ ಅವನು ತೋಟದಲ್ಲಿದ್ದ. ಹೀಗಿರುವಾಗ ಎರಡೂ ಮುಕ್ಕಾಲು ಲಕ್ಷ ಖರ್ಚು ಮಾಡಿ ಹೋದ ನಾವು ಅವನ ಬಾಗಿಲು ತಳ್ಳಿ, ಮಕ್ಕಳಿಗೆ 'ನೋಡಿ, ಚಾಚಾ ಎಷ್ಟು ಕಷ್ಟಪಡುತ್ತಾರೆ' ಎಂದು ಪಾಠ ಹೇಳಿದರೆ, ಅದು ಪ್ರೀತಿಯೋ ಪ್ರದರ್ಶನವೋ? ಆ ಕೋಣೆಯಲ್ಲಿ ಅವನೊಬ್ಬನೇ ಇಲ್ಲ ಎಂಬುದೂ ನೆನಪಿರಬೇಕು. ಕೇರಳದವರು, ಬಾಂಗ್ಲಾದೇಶದವರು, ರಾತ್ರಿ ಪಾಳಿ ಮುಗಿಸಿ ಹಗಲು ನಿದ್ದೆ ಮಾಡುವವರು. ನಮ್ಮ ಮಕ್ಕಳ ಕಲಿಕೆಗೆ ಅವರ ನಿದ್ದೆ ಕೆಡಬೇಕೇ?

ನಾವು ಬಂದಿರುವ ತೀರ್ಮಾನ ಇಷ್ಟು. ಮಕ್ಕಳಿಗೆ ತಿಳಿಯಬೇಕಾದ ಸತ್ಯವನ್ನು ತಿಳಿಸುವ ಜವಾಬ್ದಾರಿ ನಮ್ಮದು, ತಮ್ಮನ ಕೋಣೆಯದಲ್ಲ. ಅದನ್ನು ಕಡೂರಿನಲ್ಲೇ, ನಮ್ಮ ಮನೆಯ ನಡುಮನೆಯಲ್ಲೇ ಕೂತು ಹೇಳಬಹುದು. ಮೊದಲು ಹೇಳಿದ ಹಾಳೆಯನ್ನು ಮಕ್ಕಳ ಮುಂದಿಟ್ಟೆವು. ಅದರ ಪಕ್ಕಕ್ಕೆ, ಎಂಟು ವರ್ಷಗಳಲ್ಲಿ ಅವನು ಕಳಿಸಿದ ಹಣ ಯಾವುದಕ್ಕೆ ಹೋಯಿತೆಂದು ತಾಯಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನೂ ಇಟ್ಟೆವು. ಮಗ ಓದುತ್ತ ಓದುತ್ತ ತನ್ನ ಸೈಕಲ್ಲಿನ ಸಾಲಿನ ಹತ್ತಿರ ನಿಂತುಬಿಟ್ಟ. ಮಗಳು ಏನೂ ಹೇಳಲಿಲ್ಲ. ರಾತ್ರಿ ಮಾತ್ರ, 'ಚಾಚಾಗೂ ಹೋಟೆಲಲ್ಲಿ ನಮ್ ಜೊತೆ ಒಂದು ರೂಮು ಮಾಡಬಹುದಲ್ಲ' ಎಂದಳು. ಪಟ್ಟಿಯಲ್ಲಿ ಅದನ್ನು ನಾವು ಬರೆದಿರಲಿಲ್ಲ. ಈಗ ಬರೆದಿದ್ದೇವೆ. ಬಿಡಾರದ ರಾತ್ರಿಗೂ ಅವನು ನಮ್ಮ ಜೊತೆಗೇ. ಎಂಟು ವರ್ಷ ಆ ದೇಶದಲ್ಲಿದ್ದೂ ಅವನು ಮರಳಿನ ದಿಬ್ಬದ ಮೇಲೆ ಸೂರ್ಯ ಮುಳುಗುವುದನ್ನು ಒಮ್ಮೆಯೂ ನೋಡಿಲ್ಲವಂತೆ; ಅದು ಪ್ರವಾಸಿಗಳ ಜಾಗ.

ಇನ್ನೊಂದು ಎಚ್ಚರಿಕೆ ಬೇಕಾಗಿತ್ತು. ನಾವು ಹೋದರೆ ಅವನು ಆತಿಥ್ಯ ಮಾಡದೆ ಬಿಡುವವನಲ್ಲ. ಊರಿನವರು ಬಂದಾಗ ಸಾಲ ಮಾಡಿಯಾದರೂ ಊಟ ಹಾಕಿಸುವುದು, ಕೈತುಂಬ ಸಾಮಾನು ಕೊಟ್ಟು ಕಳಿಸುವುದು ಅಲ್ಲಿರುವವರ ಮರ್ಯಾದೆಯ ಪ್ರಶ್ನೆ. ಬಂಧುಗಳ ಒಂದು ವಾರದ ಸಂತೋಷಕ್ಕೆ ಆರು ತಿಂಗಳು ಸಾಲ ತೀರಿಸಿದವರನ್ನು ನಾವು ಬಲ್ಲೆವು. ಬೇಡವೆಂದು ಪೂರ್ತಿ ತಡೆದರೆ ಅದೂ ಅವಮಾನ. ಕೊಡುವವನಾಗಿಯೇ ಬದುಕಿದವನನ್ನು ಒಮ್ಮೆಲೇ ಪಡೆಯುವವನನ್ನಾಗಿ ಮಾಡಿದಂತೆ. ಅತಿಥಿಯ ಹಕ್ಕು ಮೂರು ದಿನ ಎಂದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು ಇಲ್ಲಿ ನೆರವಿಗೆ ಬಂತು. ಅವನಿಗೆ ರಜೆಯಿರುವ ಶುಕ್ರವಾರವೂ ಸೇರಿ ಮೂರು ದಿನ ನಾವು ನಿಜ್ವಾದಲ್ಲಿ ಅವನ ಅತಿಥಿಗಳು. ಏನು ತೋರಿಸುತ್ತಾನೋ ಅದನ್ನು ನೋಡುವುದು, ಎಲ್ಲಿ ಉಣ್ಣಿಸುತ್ತಾನೋ ಅಲ್ಲಿ ಉಣ್ಣುವುದು, ಆದರೆ ದಿನಕ್ಕೊಂದೇ ಊಟ ಅವನ ಖರ್ಚಿನಲ್ಲಿ ಎಂದು ಮಾತಾಗಿದೆ. ಉಳಿದ ನಾಲ್ಕು ದಿನ ಅವನು ನಮ್ಮ ಅತಿಥಿ, ಕೆಲಸದಿಂದ ಬಿಡುವು ಸಿಕ್ಕಷ್ಟು ಹೊತ್ತು. ಸಾಮಾನು ಕೊಳ್ಳುವುದೇ ಇಲ್ಲವೆಂದು ಮಕ್ಕಳೂ ಒಪ್ಪಿದ್ದಾರೆ. ಚಾಕೊಲೇಟಿನ ವಿಷಯದಲ್ಲಿ ಮಗನ ಒಪ್ಪಿಗೆ ಎಷ್ಟು ಗಟ್ಟಿಯೋ ಹೇಳಲಾಗದು.

ಅವನು ಮೊದಲು ತೋರಿಸುವುದು ಫಲಜ್ ದಾರಿಸ್ ಅಂತೆ. ಕೆಲಸವಿಲ್ಲದ ಶುಕ್ರವಾರಗಳಲ್ಲಿ ಅವನು ಅಲ್ಲಿಗೆ ಹೋಗಿ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆಂದೂ, ನಮ್ಮ ತೋಟ ಹಸಿರಿದ್ದಾಗ ಕಾಲುವೆಯ ಬದಿಯಲ್ಲಿ ಅಬ್ಬಾ ಕೂರುತ್ತಿದ್ದದ್ದು ನೆನಪಾಗುತ್ತದೆಂದೂ ಮೊನ್ನೆ ತಾನಾಗಿಯೇ ಹೇಳಿದ. ಅವನು ಅಲ್ಲಿನ ಬದುಕಿನ ಬಗ್ಗೆ, ನಾವು ಕೇಳದೆ, ಹೇಳಿದ ಮೊದಲ ಮಾತು ಅದು.

ಇನ್ನುಳಿದದ್ದು ತಾಯಿಯ ಆಸೆ. ಅವರಿಗೆ ನಾವು ನಮ್ಮ ಈ ವಾದಗಳನ್ನೆಲ್ಲ ಹೇಳಿದೆವು. ಅವರು ಕೇಳಿಸಿಕೊಂಡರು, ಒಪ್ಪಿದೆವೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಕಳೆದ ಭಾನುವಾರ ತಮ್ಮನ ಫೋನು ಬಂದಾಗ ಅವರೇ ಕೈಗೆ ತೆಗೆದುಕೊಂಡರು. ಕೋಣೆಯ ಮಾತೆತ್ತಲಿಲ್ಲ. ಕೊಬ್ಬರಿ ಮಿಠಾಯಿ, ಚಕ್ಕುಲಿ ಮಾಡಿ ತರುತ್ತೇನೆ, ಮಾವಿನಕಾಯಿ ಉಪ್ಪಿನಕಾಯಿಯೂ ಇದೆ ಎಂದರು. 'ನಿನ್ನೊಬ್ಬನಿಗೆ ತಂದ್ರೆ ಚೆನ್ನಾಗಿರಲ್ಲ ಬೇಟಾ. ನಿನ್ ಜೊತೆ ಮಲಗೋರೆಲ್ಲ ನನ್ ಮಕ್ಕಳೇ. ಎಷ್ಟು ಜನಕ್ಕೆ ಮಾಡ್ಲಿ, ಸರಿಯಾಗಿ ಹೇಳು. ಸಾಲದೆ ಹೋದ್ರೆ ನಂಗೆ ಬೇಜಾರಾಗುತ್ತೆ.'

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ ತಮ್ಮ, 'ಹನ್ನೊಂದು ಜನಕ್ಕೆ ಮಾಡು ಅಮ್ಮಿ' ಎಂದ.

ತಾಯಿ ಸರಿ ಎಂದರು. ಕೊಬ್ಬರಿ ಎಷ್ಟು ಬೇಕಾದೀತೆಂದು ಬೆರಳು ಮಡಚಿ ಎಣಿಸತೊಡಗಿದರು.